ಶೇಂಗಾನ ಎದೆಪಟ್ಟಿ

ಮಂಗಳವಾರ ಬೆಳಿಗ್ಗೆ ನನ್ನ ಎಡಗೈಯ ಪ್ಲಾಸ್ಟರ್ ಬಿಚ್ಚಿದರು. ಅದೇ ಮಧ್ಯಾಹ್ನ ಊಟಕ್ಕೆ ಕೂತಾಗ ಮಗ ಶಿವಪ್ರಕಾಶ, ಭಾನುವಾರ ಭುಜಂಗ ಮಾಮಾ ಗಾಡಿ ತಗೊಂಡು ಬರುತ್ತಾನೆ, ಶೇಂಗಾನನ್ನು ಇಂದಾಪುರಕ್ಕೆ ಕಳಿಸಿಬಿಡೋಣ ಎಂದ. ಅದು ಕೇಳಿದ್ದಲ್ಲ, ಹೇಳಿದ್ದು. ರೊಟ್ಟಿ ಮುರಿಯುತ್ತಾ ಹೇಳಿದ, ನನ್ನ ಮುಖ ನೋಡಲಿಲ್ಲ.

ಶೇಂಗಾ ನಮ್ಮ ನಾಯಿ. ಇಪ್ಪತ್ತೆರಡು ಕಿಲೋ ತೂಕದ ಕಂದು ಬಣ್ಣದ ಬೀದಿನಾಯಿ. ನನ್ನ ಯಜಮಾನರು ಈರಬಸಪ್ಪನವರು ಈ ಮರಾಠಿ ಊರಿನ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದರು. ಪಕ್ಕದ ಅಂಗಡಿಯ ಶೇಂಗಾ ಚೀಲಗಳ ಹಿಂದೆ ಹುಟ್ಟಿದ್ದ ಮರಿಯನ್ನು ಒಂದು ಸಂಜೆ ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದರು. ಮರುವರ್ಷ ಅವರೇ ಹೋದರು. ಬಚ್ಚಲಲ್ಲಿ ಜಾರಿ ಬಿದ್ದವರು ಮತ್ತೆ ಏಳಲಿಲ್ಲ. ನಾನು ಆ ಮನೆ ಬಿಟ್ಟು ವಿಮಾನ ನಗರಕ್ಕೆ, ಮಗನ ನಾಲ್ಕನೇ ಮಹಡಿಗೆ ಬಂದಾಗ ಜೊತೆಗೆ ತಂದದ್ದು ಎರಡು ಟ್ರಂಕು ಮತ್ತು ಶೇಂಗಾನನ್ನು. ಟ್ರಂಕುಗಳನ್ನು ಯಾರಾದರೂ ಒಯ್ದರೆ ನನಗೆ ಎಳ್ಳಷ್ಟೂ ಬೇಸರವಿಲ್ಲ.

ಭುಜಂಗ ನನ್ನ ಸ್ವಂತ ತಮ್ಮ, ಒಳ್ಳೆಯವನೇ. ಆದರೆ ಅವನ ಕಬ್ಬಿನ ಹೊಲದಲ್ಲಿ ಆಗಲೇ ನಾಲ್ಕು ನಾಯಿಗಳಿವೆ. ಇವನನ್ನು ಪಂಪಿನ ಮನೆಗೆ ಸರಪಳಿ ಹಾಕಿ ಕಟ್ಟುತ್ತಾರೆ, ನಾನು ವರ್ಷಕ್ಕೆರಡು ಸಲ ಹೋಗಿ ತಲೆ ಸವರಿ ಬರಬೇಕು. ಆಗುವುದಿಲ್ಲ ಎಂದೆ. ಶಿವಪ್ರಕಾಶ ಆಗ ತಲೆ ಎತ್ತಿದ.

"ಅವ್ವಾ, ಅಪ್ಪ ಬಿದ್ದಾಗ ನಾ ಇರಲಿಲ್ಲ. ನೀ ಬಿದ್ದಾಗನೂ ಇರಲಿಲ್ಲ. ಮೂರನೇ ಸಲ ನನ್ನ ಕೈಲೆ ಆಗೂದಿಲ್ಲ."

ನಾನು ತಾಟು ಸರಿಸಿ ಎದ್ದೆ. ಸರಿಯಾದ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಶೇಂಗಾ ನನ್ನನ್ನು ಬೀಳಿಸಿದ್ದು ನಿಜ. ಅವನಿಗೆ ಪಾವ್ ಬ್ರೆಡ್ ಮಾರುವವನ ಸೈಕಲ್ಲಿನ ಹಾರ್ನ್ ಕೇಳಿದರೆ ಸಾಕು, ಮೈಮೇಲೆ ದೇವರು ಬಂದ ಹಾಗೆ ಆಡುತ್ತಾನೆ, ಏಕೆಂದರೆ ಆ ಮನುಷ್ಯ ದಿನಾ ಒಂದು ಹಳೇ ಪಾವ್ ಎಸೆಯುತ್ತಾನೆ. ಅಂದು ಹಾರ್ನ್ ಕೇಳಿ ನುಗ್ಗಿದ, ನಾನು ಹಗ್ಗ ಬಿಡಲಿಲ್ಲ, ನಮ್ಮ ಕಟ್ಟಡದ ಗೇಟಿನಿಂದ ಬಡಾವಣೆಯ ತೋಟದ ಮೂಲೆಯವರೆಗಿನ ಫುಟ್‌ಪಾತಿನ ಮೇಲೆ ಮಕಾಡೆ ಬಿದ್ದು ಎಡಗೈ ಮುರಿದುಕೊಂಡೆ.

ಅಂದಿನಿಂದ ಶಿವಪ್ರಕಾಶನಿಗೊಂದು ಚಾಳಿ ಅಂಟಿದೆ. ನಾನು ಎಲ್ಲಿ ನಡೆದರೂ ಎರಡು ಹೆಜ್ಜೆ ಹಿಂದೆ, ಎರಡೂ ಕೈ ಚಾಚಿಕೊಂಡು ಬರುತ್ತಾನೆ. ಅವನು ಹಾಗೆ ಬಂದಷ್ಟೂ ನಾನು ಜೋರಾಗಿ ನಡೆಯುತ್ತೇನೆ.

ಬುಧವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಚಹಾ ಹಿಡಿದು ನಿಂತಿದ್ದೆ. ಕೆಳಗೆ ಶಿವಪ್ರಕಾಶ ಶೇಂಗಾನನ್ನು ತಿರುಗಾಡಿಸುತ್ತಿದ್ದ. ತಿರುಗಾಡಿಸುತ್ತಿದ್ದವರು ಯಾರು ಎಂಬುದೇ ಪ್ರಶ್ನೆ. ನಾಯಿ ತಲೆ ತಗ್ಗಿಸಿ, ಭುಜ ಕೊಟ್ಟು, ಹಿಂಗಾಲು ಊರಿ ಎಳೆಯುತ್ತಿತ್ತು. ಮಗ ಹಿಂದಕ್ಕೆ ಬಾಗಿ ಹಗ್ಗ ಜಗ್ಗುತ್ತಿದ್ದ. ಇದನ್ನು ನಾನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನೋಡಿದ್ದು ನಮ್ಮ ಅಪ್ಪನ ಚಕ್ಕಡಿಯಲ್ಲಿ. ಇಂಡಿ ಸೀಮೆಯ ಎರೆಮಣ್ಣಿನ ದಾರಿಯಲ್ಲಿ ಜೋಳದ ಚೀಲ ತುಂಬಿದ ಚಕ್ಕಡಿಯನ್ನು ನಮ್ಮ ಎತ್ತುಗಳು ಹೀಗೇ ಭುಜ ಕೊಟ್ಟು ಎಳೆಯುತ್ತಿದ್ದವು. ಹಿಂದೆ ಭಾರ ಬಿದ್ದಷ್ಟೂ ಮುಂದಕ್ಕೆ ಒತ್ತುತ್ತಿದ್ದವು.

ನಾಲಿಗೆ ಕಚ್ಚಿಕೊಂಡೆ. ನೊಗದ ಹಾಗೆ ನಾಯಿಯ ಭುಜಕ್ಕೆ ಬಿಗಿದ ಆ ಎದೆಪಟ್ಟಿಯನ್ನು ಆರಿಸಿದ್ದು ನಾನೇ.

ಚಳಿಗಾಲದಲ್ಲಿ ಇಲ್ಲಿಯ ನಾಯಿ ಸಾಮಾನಿನ ಅಂಗಡಿಗೆ ಹೋಗಿದ್ದೆ. ಸುರಭಿ ಎಂಬ ಹುಡುಗಿ ಮರಾಠಿಯಲ್ಲಿ ತಾಳ್ಮೆಯಿಂದ ಒಂದೊಂದನ್ನೇ ತೋರಿಸಿದಳು. ಕೊರಳಪಟ್ಟಿ, ಮೂತಿಗೆ ಹಾಕುವ ದಾರ, ಬೆನ್ನ ಮೇಲೆ ಹಗ್ಗದ ರಿಂಗು ಇರುವ ಎದೆಪಟ್ಟಿ, ಎದೆಯ ಮುಂದೆ ರಿಂಗು ಇರುವ ಎದೆಪಟ್ಟಿ. ಎಳೆಯುವ ನಾಯಿಗೆ ಮುಂದಿನ ರಿಂಗು ಒಳ್ಳೆಯದು ಆಜಿ ಎಂದು ಆಕೆ ಹೇಳಿದ್ದಳು. ನಾನು ಮೂಗು ಮುರಿದೆ. ಮುಂದೆ ಹಗ್ಗ ಕಟ್ಟಿದರೆ ಕಾಲಿಗೆ ತೊಡರುವುದಿಲ್ಲವೇ, ನಮ್ಮಪ್ಪ ನಲವತ್ತು ವರ್ಷ ಎತ್ತು ಕಟ್ಟಿದವನು, ಕೊರಳಿಗೆ ಬಿಗಿಯಬಾರದು, ಜಗ್ಗು ಭುಜಕ್ಕೆ ಬೀಳಬೇಕು ಎಂದು ಅವಳಿಗೇ ಪಾಠ ಹೇಳಿದೆ. ಬೆನ್ನ ಮೇಲೆ ರಿಂಗು ಇರುವುದನ್ನೇ ಜಂಭದಿಂದ ತಂದೆ. ಅಂದರೆ ನಾಯಿಗೆ ನೊಗ ಹೂಡಿ, ಇದು ಎಳೆಯುತ್ತದೆ ಎಂದು ಬಿದ್ದಾಗಿನಿಂದ ಏಳು ವಾರ ನಾಯಿಯನ್ನೇ ಬೈದಿದ್ದೆ. ನಾಚಿಕೆಯಾಯಿತು.

ಅಪ್ಪ ಹೊಸ ಹೋರಿಯನ್ನು ಪಳಗಿಸುವಾಗ ಎಂದೂ ಹಿಂದಿನಿಂದ ಜಗ್ಗುತ್ತಿರಲಿಲ್ಲ. ಅದರ ಬದಿಗೆ ನಿಂತು, ಮುಂದಿನಿಂದ ಹಗ್ಗ ಹಿಡಿದು, ಒಂದು ಮಗ್ಗುಲಿಗೆ ಮೆಲ್ಲಗೆ ತಿರುಗಿಸುತ್ತಿದ್ದ. ಅಷ್ಟು ದೊಡ್ಡ ಪ್ರಾಣಿ ತಾನಾಗಿ ಅವನ ಕಡೆ ತಿರುಗುತ್ತಿತ್ತು. ಅದನ್ನು ಕಣ್ಣಾರೆ ಕಂಡವಳು ನಾನು, ಅಂಗಡಿಯಲ್ಲಿ ಅದೊಂದನ್ನೇ ಮರೆತಿದ್ದೆ.

ಹತ್ತು ಗಂಟೆಗೆ ಶೇಂಗಾನನ್ನು ಆಟೋದಲ್ಲಿ ಕೂಡಿಸಿಕೊಂಡು ಹೋಗಿ, ಸುರಭಿಯ ಮುಂದೆ ನಿಂತು, ನೀನು ಹೇಳಿದ್ದೇ ಸರಿ ಇತ್ತು ಮಗಳೇ ಎಂದೆ. ಪಾಪ, ಆಕೆ ನಗಲಿಲ್ಲ. ಆದರೆ ಮುಂದೆ ರಿಂಗು ಇರುವುದು ಶೇಂಗಾನ ಅಳತೆಯಲ್ಲಿ ಮುಗಿದಿತ್ತು, ಬರುವುದಕ್ಕೆ ಇನ್ನೊಂದು ವಾರ ಬೇಕಿತ್ತು. ಮೂತಿಯ ದಾರ ಇತ್ತು. ಶೇಂಗಾನಿಗೆ ಹಾಕಿ ನೋಡಿದರೆ ಎರಡೂ ಮುಂಗಾಲಿನಿಂದ ಮೂಗು ತಿಕ್ಕಿಕೊಂಡು ನೆಲದ ಮೇಲೆ ಹೊರಳಾಡಿಬಿಟ್ಟ. ಕೊರಳಪಟ್ಟಿಯನ್ನು ನಾನು ಮುಟ್ಟಲೂ ಇಲ್ಲ, ಕೆಮ್ಮು ಬರುವ ತನಕ ಜಗ್ಗುವ ನಾಯಿ ಅದು. ಒಂದು ವಾರ ಕಾಯುವುದಕ್ಕೆ ನನ್ನ ಬಳಿ ವಾರವಿರಲಿಲ್ಲ.

ಮನೆಗೆ ಬಂದು ಸೊಸೆ ಶೀತಲ್‌ಗೆ ಎಲ್ಲ ಹೇಳಿದೆ. ಅವಳು ಗಂಡನ ಮುಂದೆ ನನ್ನ ಪರ ಮಾತಾಡುವವಳಲ್ಲ, ಆದರೆ ಮರುದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಆಟೋ ಕರೆಸಿದಳು. ಶೇಂಗಾನನ್ನು ನಮ್ಮಿಬ್ಬರ ಕಾಲ ಬಳಿ ಕೂಡಿಸಿಕೊಂಡು ಮಾರ್ಕೆಟ್ ಯಾರ್ಡಿಗೆ ಹೋದೆವು.

ಅಲ್ಲಿ ಲಾರಿಗಳ ತಾಡಪತ್ರಿ, ಪಟ್ಟಿ ಹೊಲಿಯುವ ಅಂಬಾದಾಸನ ಅಂಗಡಿಯಿದೆ. ನಮ್ಮ ಯಜಮಾನರ ಚಹಾದ ಗೆಳೆಯ. ನನ್ನನ್ನು ನೋಡಿ ವಹಿನಿ, ಅಂದರೆ ಅತ್ತಿಗೆ, ಎಂದು ಎದ್ದು ನಿಂತ. ನಾಯಿಗೆ ಹೊಲಿಯಬೇಕು ಎಂದಾಗ ಮಾತ್ರ, ಟನ್ನುಗಟ್ಟಲೆ ಹೇರು ಬಿಗಿಯುವ ಪಟ್ಟಿ ಹೊಲಿಯುವವನು ನಾನು, ಇದೇನು ಕೆಲಸ ತಂದಿರಿ ಎಂದು ಗೊಣಗಿದ. ಹೇರು ಬಿಗಿಯುವವನೇ ಬೇಕು ನನಗೆ ಎಂದೆ.

ಹಳೆಯ ಎದೆಪಟ್ಟಿಯನ್ನೇ ಇಟ್ಟುಕೊಂಡು ಬೆನ್ನಿನ ರಿಂಗು ಕತ್ತರಿಸಿ ತೆಗೆಸಿದೆ. ಅವನು ಹೊಸ ರಿಂಗನ್ನು ಗಂಟಲ ಹತ್ತಿರ ಇಡಲು ಹೋದ. ಬೇಡ, ಇನ್ನೂ ಕೆಳಗೆ ಎಂದು ಶೇಂಗಾನ ಎದೆಯ ಮೂಳೆ ಮುಟ್ಟಿ ತೋರಿಸಿದೆ, ಎರಡೂ ಭುಜಗಳ ನಟ್ಟನಡುವೆ. ಪಟ್ಟಿಯ ಕೆಳಗೆ ನನ್ನ ಎರಡು ಬೆರಳು ಹೋಗುವಷ್ಟು ಸಡಿಲು, ಮೂರನೆಯದು ಹೋಗಬಾರದು. ಕಂಕುಳಲ್ಲಿ ಉಜ್ಜದ ಹಾಗೆ ಒಳಗೆ ಮೆತ್ತನೆಯ ಬಟ್ಟೆ. ಒಂದು ಹೊಲಿಗೆ ಹಾಕಿ ಸಾಕು ಎಂದ. ಸಾಲದು ಎಂದೆ. ಎರಡು ಹಾಕಿದ. ಅದರ ಮೇಲೆ ಅಡ್ಡ ಹೊಲಿಗೆ ಹಾಕಿಸುವ ತನಕ ನಾನು ಸ್ಟೂಲಿನಿಂದ ಏಳಲಿಲ್ಲ. ಕೊನೆಗೆ ಪಟ್ಟಿಯನ್ನು ಅವನ ಕೈಗೆ ಕೊಟ್ಟು, ಬಲಗೈಯಿಂದ ಮೈಯೆಲ್ಲ ಭಾರ ಹಾಕಿ ಜಗ್ಗಿದೆ. ಅಂಬಾದಾಸ ತಾನೇ ಮುಗ್ಗರಿಸಿದ, ಹೊಲಿಗೆ ಮಿಸುಕಲಿಲ್ಲ.

ಅಂದು ಸಂಜೆಯಿಂದಲೇ ಕೆಳಗಿನ ಪಾರ್ಕಿಂಗಿನಲ್ಲಿ ಅಭ್ಯಾಸ ಶುರು ಮಾಡಿದೆ. ಮೊದಲ ದಿನ ಹೇಳಿಕೊಳ್ಳುವ ಹಾಗಿರಲಿಲ್ಲ. ಶೇಂಗಾ ಗರಗರ ಸುತ್ತಿ ಹಗ್ಗವನ್ನು ತನ್ನ ಕಾಲಿಗೂ ನನ್ನ ಕಾಲಿಗೂ ಸುತ್ತಿಟ್ಟ. ಕಂಬ ಹಿಡಿದು ನಿಂತು, ಬಹುಶಃ ಶಿವಪ್ರಕಾಶ ಹೇಳುವುದೇ ಸರಿಯೇನೋ ಎಂದುಕೊಂಡೆ. ನಾಯಿ ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗಿತು, ಅದಕ್ಕೇನು ಗೊತ್ತು. ಹಗ್ಗ ಬಿಡಿಸಿಕೊಂಡು ಮತ್ತೆ ಹೊರಟೆ. ಅವನು ಎಳೆದರೆ ನಾನು ನಿಲ್ಲಬೇಕು. ಅವನು ತಿರುಗಿ ನೋಡಿದರೆ ಒಂದು ಹುರಿದ ಶೇಂಗಾ ಕಾಳು ಕೊಟ್ಟು ಹೆಜ್ಜೆ ಹಾಕಬೇಕು. ಇಷ್ಟೇ. ಶನಿವಾರದ ಹೊತ್ತಿಗೆ ಕಾರುಗಳ ನಡುವೆ ನನ್ನ ಮೊಣಕಾಲ ಪಕ್ಕದಲ್ಲೇ ನಡೆದ. ಆದರೆ ಪಾರ್ಕಿಂಗಿನಲ್ಲಿ ಪಾವ್ ಮಾರುವವನು ಇರಲಿಲ್ಲ.

ಭಾನುವಾರ ಎಂಟಕ್ಕೆ ಭುಜಂಗ ಪಿಕಪ್ ಗಾಡಿ ತಂದು ಗೇಟಿನ ಹತ್ತಿರ ನಿಲ್ಲಿಸಿದ. ಹಿಂದೆ ನಾಯಿಗೆಂದು ಗೋಣಿತಟ್ಟು ಹಾಸಿದ್ದ. ಶಿವಪ್ರಕಾಶ ಹಗ್ಗಕ್ಕೆ ಕೈ ಚಾಚಿದ. ನಾನು ಕೊಡಲಿಲ್ಲ.

"ತೋಟದ ಮೂಲೀತನಾ ಹೋಗಿ ಬರ್ತೀನಿ. ಒಂದ ಹೆಜ್ಜಿ ನನ್ನ ಎಳದ್ರೂ ನಾನ ಎತ್ತಿ ಗಾಡಿಯೊಳಗ ಕೂಡಿಸ್ತೀನಿ. ಆಮ್ಯಾಲೆ ಒಂದು ಮಾತೂ ಆಡೂದಿಲ್ಲ."

ಪಾವ್ ಮಾರುವವನು ಬರುವ ಹೊತ್ತು ಇದು ಎಂದು ಶಿವಪ್ರಕಾಶ ಗಡಿಯಾರ ನೋಡಿಕೊಂಡ. ಅದಕ್ಕೇ ಈಗ ಹೊರಟದ್ದು ಎಂದೆ.

ಬಲಗೈಯಲ್ಲಿ ಹಗ್ಗ, ಎಡ ಮುಷ್ಟಿಯಲ್ಲಿ ಶೇಂಗಾ ಕಾಳು. ಭಯವಿತ್ತು, ಸುಳ್ಳೇಕೆ ಹೇಳಲಿ. ನಾನು ಬಿದ್ದ ಜಾಗ ದಾಟಿದೆವು. ಹಿಂದೆ ಮಗನ ಚಪ್ಪಲಿಯ ಸದ್ದು, ಎರಡು ಹೆಜ್ಜೆ ದೂರದಲ್ಲಿ. ತೋಟದ ಮೂಲೆ ಇನ್ನೇನು ಹತ್ತಿರ ಬಂತು ಅನ್ನುವಾಗ ಹಾರ್ನ್ ಕೇಳಿಸಿತು.

ಶೇಂಗಾ ನುಗ್ಗಿದ. ನಾನು ಜಗ್ಗಲಿಲ್ಲ. ಕೈಯನ್ನು ಸೊಂಟಕ್ಕೆ ಒತ್ತಿಕೊಂಡು ನಿಂತೆ. ಹಗ್ಗ ಬಿಗಿಯಾಯಿತು, ಎದೆಯ ರಿಂಗು ಅವನನ್ನು ಒಂದು ಮಗ್ಗುಲಿಗೆ ತಿರುಗಿಸಿತು, ಮುಂದಕ್ಕೆ ಹೊರಟ ಮೈ ಅರ್ಧ ಸುತ್ತು ಬಂದು ನನಗೆ ಎದುರಾಗಿ ನಿಂತಿತು. ಇದೇನಾಯಿತು ಎಂಬಂತೆ ನನ್ನ ಮುಖ ನೋಡಿದ. ನಾನು ಇದ್ದಲ್ಲೇ ಇದ್ದೆ. ಮುಷ್ಟಿ ಬಿಚ್ಚಿ ಇದ್ದ ಕಾಳನ್ನೆಲ್ಲ ಕೊಟ್ಟುಬಿಟ್ಟೆ.

ಪಾವ್ ಮಾರುವವನು ಸೈಕಲ್ ನಿಲ್ಲಿಸಿ, ಕೈ ವಾಸಿಯಾಯಿತೇ ಆಜಿ ಎಂದು ಕೇಳಿ, ತಾನೇ ಹತ್ತಿರ ಬಂದು ಒಂದು ಪಾವ್ ಕೊಟ್ಟ. ಶೇಂಗಾ ಕೂತು ತಿಂದ.

ಹಿಂದಿರುಗುವಾಗ ಗೇಟಿನ ಹತ್ತಿರ ಭುಜಂಗ ಗೋಣಿತಟ್ಟು ಮಡಿಸುತ್ತಿರುವುದು ಕಂಡಿತು. ಅವನು ಮೊದಲಿನಿಂದಲೂ ಜಾಣ. ನನಗೆ ಕುಣಿಯಬೇಕು ಅನ್ನಿಸಿತು. ಆದರೆ ಹಿಂದೆ ಚಪ್ಪಲಿಯ ಸದ್ದು ಇನ್ನೂ ಬರುತ್ತಲೇ ಇತ್ತು, ಅದೇ ಎರಡು ಹೆಜ್ಜೆ ದೂರದಲ್ಲಿ. ತಿರುಗಿ ನೋಡಿದೆ. ಶಿವಪ್ರಕಾಶನ ಎರಡೂ ಕೈ ಚಾಚಿಯೇ ಇದ್ದವು. ಕಣ್ಣುಗಳು ಒದ್ದೆಯಾಗಿದ್ದವು. ಪಾಪ, ಏಳು ವಾರದಿಂದ ಈ ಹುಡುಗ ಹೀಗೇ ನಡೆಯುತ್ತಿದ್ದಾನೆ. ಅಪ್ಪನನ್ನು ಹಿಡಿಯಲಾಗದ ಕೈಗಳು ಅವು. ಅವನ ಭಯವನ್ನು ನಾನು ಅವನ ಹಟ ಎಂದುಕೊಂಡಿದ್ದೆ, ಅದಕ್ಕೇ ಇನ್ನಷ್ಟು ಜೋರಾಗಿ ನಡೆದಿದ್ದೆ.

ನಾನು ನಿಂತೆ. ಶೇಂಗಾನೂ ನಿಂತ.

"ಶಿವೂ, ಹಿಂದ ನಿಂತು ಹಿಡಿದ್ರ ನಾನೂ ಎಳೀತೀನಪ್ಪಾ," ಎಂದೆ. "ಬಾಜೂಕ ಬಾ."

ಅವನು ಕೈ ಇಳಿಸಿ, ಎರಡು ಹೆಜ್ಜೆ ಮುಂದೆ ಬಂದು ನನ್ನ ಎಡಗಡೆ ನಿಂತ. ಮುರಿದು ಕೂಡಿದ ಎಡಗೈಯನ್ನು ಅವನ ಕೈಯಲ್ಲಿಟ್ಟೆ. ಮೂವರೂ ಮೆಲ್ಲಗೆ ಮನೆಯ ಕಡೆ ನಡೆದೆವು.