ಜಂಬಮ್ಮ ಕೊಟ್ಟ ಉತ್ತರ

ಬಳ್ಳಾರಿಯ ಗಾಂಧಿನಗರದ ಸಿಂಧು ಅಲ್ಲಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಾಳೆ. ವ್ಯಕ್ತಿಸ್ವಾತಂತ್ರ್ಯ, ಮುಕ್ತ ಮಾರುಕಟ್ಟೆ ಎಂಬುದನ್ನು ಬೇರೆ ಬೇರೆ ದೇಶದ ಜನ ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದು ಅವಳ ಸಂಶೋಧನೆ. ಪೋಲೆಂಡ್, ಚಿಲಿಗಳಲ್ಲಿ ಬೇರೆ ಸಂಶೋಧಕರು ಕೇಳಿದ್ದ ಪ್ರಶ್ನೆಗಳನ್ನೇ ಕನ್ನಡಕ್ಕೆ ತಂದು, ಆಗಸ್ಟಿನಲ್ಲಿ ಸಿರಿಗೇರಿ ಎಂಬ ಹಳ್ಳಿಗೆ ಹೋದಳು.

ಅಲ್ಲಿ ಜಂಬಮ್ಮ ಸಿಕ್ಕಳು. ಭತ್ತದ ನಾಟಿ ಮಾಡುವ ಹನ್ನೆರಡು ಹೆಂಗಸರ ಗುಂಪಿಗೆ ಅವಳೇ ಹಿರಿಯಳು. ಎಲ್ಲರೂ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಸಿಂಧು ಪ್ರಶ್ನೆ ಓದಿದಳು.

"ಕೂಲಿ ಎಷ್ಟಂತ ಅವರವರೇ ಹೊಲದವ್ರ ಜೋಡಿ ಮಾತಾಡ್ಕೋಬೇಕು. ಒಪ್ತೀರೇನು? ಒಂದರಿಂದ ಐದರೊಳಗ ಒಂದು ಅಂಕಿ ಹೇಳ್ರಿ. ಒಪ್ಪದಿದ್ರ ಒಂದು, ಪೂರಾ ಒಪ್ಪಿದ್ರ ಐದು."

"ಒಬ್ಬಾಕಿ ಕೇಳಿದ್ರ ಯಾರು ಕೊಡ್ತಾರ ಮೇಡಂ? ಹನ್ನೆರಡು ಮಂದಿ ಕೂಡೇ ಕೇಳ್ತೀವಿ."

"ಹಂಗಾದ್ರ ಒಪ್ಪಂಗಿಲ್ಲ ಅಂತ ಬರೀಲಿ?"

"ತಡೀರಿ. ಹೋದ ವರ್ಷ ನಮ್ಮ ಅರುಣಾ ಕುರುಗೋಡಿನಾಗ ಕೂಲಿ ಹೆಚ್ಚೈತಿ ಅಂತ ಹೊಂಟ್ಲು. ಇವ್ರೆಲ್ಲ ಆಕೀನ್ನ ಮಾತಾಡಿಸಬಾರ್ದು ಅಂದ್ರು. ನಾ ಹಂಗ ಮಾಡಬ್ಯಾಡ್ರಿ ಅಂದೆ. ಕೂಡಿ ಇರೋದು ನಮ್ಮಿಷ್ಟ, ಹೋಗೋದು ಆಕಿ ಇಷ್ಟ. ಎರಡು ತಿಂಗಳು ನನ್ನ ಜೋಡಿನೂ ಮಾತು ಬಿಟ್ಟಿದ್ರು ನೋಡ್ರಿ."

ಪಕ್ಕದ ಹೆಂಗಸರು ತಲೆ ತಗ್ಗಿಸಿ ನಕ್ಕರು.

ಈ ಉತ್ತರಕ್ಕೆ ಯಾವ ಅಂಕಿ ಹಾಕಲಿ ಎಂದು ಸಿಂಧು ತನ್ನ ಮಾರ್ಗದರ್ಶಕ ಜಯತೀರ್ಥರಿಗೆ ಫೋನ್ ಮಾಡಿದಳು. "ಮೂರು ಅಂತ ಹಾಕಿ ಮುಂದ ಹೋಗಮ್ಮ" ಎಂದರು ಅವರು.

"ಮೂರಂದ್ರ ಅತ್ತಾಗೂ ಇಲ್ಲ, ಇತ್ತಾಗೂ ಇಲ್ಲ ಅಂತ ಸರ್. ಇವರು ಎರಡೂ ಕಡೆ ಗಟ್ಟಿ ಇದ್ದಾರ."

ಅಂಕಿ ಹಾಕದೆ, ಹಾಳೆಯ ಹಿಂದೆ ಜಂಬಮ್ಮನ ಮಾತನ್ನೇ ಬರೆದುಕೊಂಡಳು. ಬಳ್ಳಾರಿಗೆ ಮರಳಿ, ಆ ದೇಶಗಳಿಂದ ತರಿಸಿಕೊಂಡಿದ್ದ ಹಳೆಯ ಉತ್ತರದ ಹಾಳೆಗಳನ್ನೂ ತಿರುವಿದಳು. ಕಾರ್ಮಿಕ ಸಂಘವಿಲ್ಲದೆ ತನಗೆ ಸ್ವಾತಂತ್ರ್ಯವೇ ಇರಲಿಲ್ಲ ಎಂದು ಪೋಲೆಂಡಿನ ಕೆಲಸಗಾರನೊಬ್ಬ ಅಂಚಿನಲ್ಲಿ ಗೀಚಿದ್ದ. ಮಿಲಿಟರಿ ಸರ್ಕಾರ ಮಾರುಕಟ್ಟೆ ಬಿಚ್ಚಿದಾಗಲೇ ನಮ್ಮ ಬಾಯಿ ಕಟ್ಟಿತು ಎಂದಿದ್ದಳು ಚಿಲಿಯ ಅಂಗಡಿಯಾಕೆ. ಯಾರೂ ಓದದೆ ಬಿಟ್ಟ ಮಾತುಗಳು. ಅವುಗಳ ಮೇಲೆಯೇ ಒಂದು ಅಧ್ಯಾಯ ಬರೆದಳು.

ಜನವರಿಯಲ್ಲಿ ಅದನ್ನು ಜಂಬಮ್ಮನಿಗೆ ಓದಿ ಹೇಳಿ, ಹೆಸರು ಹಾಕಬಹುದೇ ಎಂದು ಕೇಳಿದಳು.

"ನನ್ನ ಹೆಸರು ಹಾಕ್ರಿ. ಅರುಣಾನ ಹೆಸರು ಆಕೀನ್ನ ಕೇಳಿ ಹಾಕ್ರಿ."

ಮರುದಿನವೇ ಸಿಂಧು ಕುರುಗೋಡಿನ ಬಸ್ಸು ಹತ್ತಿದಳು. ಅರುಣಾ ಮೆಣಸಿನಕಾಯಿ ಬಿಡಿಸುತ್ತಿದ್ದಳು. ಸಿಂಧು ಓದಿದ ತನ್ನ ಭಾಗವನ್ನು ನಿಂತೇ ಕೇಳಿಸಿಕೊಂಡಳು.

"ಹಾಕ್ರಿ. ಆದ್ರ 'ಬಿಟ್ಟು ಹೋದಾಕಿ' ಅಂತ ಬರ್ದೀರಲ್ಲ, ಅದನ್ನ ತೆಗೀರಿ. ನಾನು ಜಂಬಕ್ಕಗ ಹೇಳೇ ಬಂದೀನಿ."

ಸಿಂಧು ಅಲ್ಲೇ ಆ ಮಾತು ಹೊಡೆದುಹಾಕಿದಳು.

"ಇನ್ನೇನರ ತಪ್ಪೈತೇನು? ಮೊದಲಿಂದ ಓದ್ರಿ" ಎನ್ನುತ್ತ ಅರುಣಾ ಬುಟ್ಟಿ ಕೆಳಗಿಟ್ಟು ಎದುರಿಗೆ ಕೂತಳು.