ಮಡು ಒಣಗುವ ಹೊತ್ತು

ಕೂಲಿಯವರ ಮೇಲಿನ ಮುಕಾದಮ ಕಾಸಿಂಸಾಬನ ರೇಡಿಯೋ ಮಧ್ಯಾಹ್ನದ ಹವಾ ವರದಿ ಹೇಳುವಾಗ ಕೆರೆಯೊಳಗಿನ ಸಲಿಕೆಗಳೆಲ್ಲ ಸುಮ್ಮನಾಗುತ್ತಿದ್ದವು. ಅದು ಎಪ್ಪತ್ತಮೂರರ ಬೇಸಿಗೆ. ಬರಗಾಲದ ಕಾಮಗಾರಿಯೆಂದು ಸಿಂದಗಿ ಸೀಮೆಯ ಆ ದೊಡ್ಡ ಕೆರೆಯ ಹೂಳೆತ್ತಲು ಸುತ್ತಲಿನ ಊರುಗಳ ಮಂದಿ ಸೇರಿದ್ದರು. ಯುಗಾದಿ ಮುಗಿದಾಗಿನಿಂದ ರೇಡಿಯೋದ್ದು ಒಂದೇ ರಾಗ: ಉತ್ತರ ಒಳನಾಡಿನಲ್ಲಿ ಒಣ ಹವೆ ಮುಂದುವರಿಯಲಿದೆ. ಹೆಂಗಸರು ಅದಕ್ಕೊಂದು ಶಾಪ ಹಾಕಿ ಬುಟ್ಟಿ ಎತ್ತುತ್ತಿದ್ದರು. ಶಂಕ್ರೆವ್ವ ಮಾತ್ರ ಸೆರಗು ಬಾಯಿಗೊತ್ತಿಕೊಂಡು ನಿರಾಳವಾಗಿ ಉಸಿರು ಬಿಡುತ್ತಿದ್ದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಊರೆಲ್ಲ ಮಳೆ ಬೇಡುವಾಗ ಇವಳೊಬ್ಬಳು ಮಳೆ ಬಾರದಿರಲಿ ಎಂದು ಬೇಡುತ್ತಿದ್ದಳು.

ಅವಳಿಗೆ ಕೆರೆ ತಳದವರೆಗೂ ಒಣಗಬೇಕಾಗಿತ್ತು. ನಾಲ್ಕು ವರ್ಷದ ಹಿಂದೆ, ಕೆರೆ ಕೋಡಿ ಬಿದ್ದ ಶ್ರಾವಣದಲ್ಲಿ, ಗಂಡ ಸೋಮನಿಂಗ ಬಲೆ ತಗೊಂಡು ತೆಪ್ಪ ಹತ್ತಿ ಹೋದವನು ತಿರುಗಿ ಬರಲಿಲ್ಲ. ಬರಿದಾದ ತೆಪ್ಪ ತೂಬಿನ ಹತ್ತಿರ ಬಂದು ನಿಂತಿತು. ಈಜು ಬಲ್ಲವರು ನಡುಗೆರೆಯ ಮಡುವಿನಲ್ಲಿ ಮುಳುಗಿ ಮುಳುಗಿ ಹುಡುಕಿದರು. ಹೆಣ ಸಿಗಲಿಲ್ಲ. ಮಡು ನುಂಗಿದ್ದನ್ನು ಉಗುಳುವುದಿಲ್ಲ ಅಂದರು ಹಿರಿಯರು. ಆಮೇಲೆ ಒಂದು ದಿನ ಎತ್ತಿನ ದಲಾಲಿಯೊಬ್ಬ, ಸೊಲ್ಲಾಪುರದ ಸ್ಟೇಷನ್ನಿನಲ್ಲಿ ಸೋಮನಿಂಗನಂಥವನನ್ನೇ ಕಂಡೆ ಅಂದುಬಿಟ್ಟ. ಕುದಿಯುವ ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ?

ಅತ್ತೆ ರಾಮವ್ವ ಆ ಮಾತನ್ನು ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡಳು. "ನನ್ನ ಮಗ ಬದುಕ್ಯಾನ. ಇಂದಿಲ್ಲ ನಾಳಿ ಬರ್ತಾನ" ಎಂದು ಒಂದು ಹನಿ ಕಣ್ಣೀರನ್ನೂ ಹಾಕಲಿಲ್ಲ. ಬದುಕಿದ್ದಾನೆ ಎನ್ನುವುದು ತಾಯಿಗೆ ಸಾಕು. ಹೆಂಡತಿಗೆ ಸಾಲದು. ಬದುಕಿದ್ದರೆ ಬಿಟ್ಟು ಹೋದ ಎಂದಾಯಿತಲ್ಲ! ಜಗಳವಿರಲಿಲ್ಲ, ಹೊಡೆತವಿರಲಿಲ್ಲ, ಹಿಂದಿನ ದಿನ ರೊಟ್ಟಿ ಚೆನ್ನಾಗಿದೆ ಎಂದು ಇನ್ನೊಂದು ಹಾಕಿಸಿಕೊಂಡು ಉಂಡಿದ್ದ. ಯಾಕೆ ಬಿಟ್ಟ ಎಂದು ಬಾವಿಕಟ್ಟೆಯಲ್ಲಿ ಕೇಳಿದರೆ ಅವಳು ಏನು ಹೇಳಬೇಕು? ಮಡುವಿನಲ್ಲಿ ಅವನ ಎಲುಬು ಸಿಕ್ಕರೆ ಅವನು ತನ್ನವನಾಗಿಯೇ ಸತ್ತ ಎಂದಾಗುತ್ತದೆ. ಅವನು ಸತ್ತೇ ಇರಲಿ ಎಂದು ಅವಳ ಜೀವ ಬಯಸುತ್ತಿತ್ತು, ಬಯಸಿದ್ದಕ್ಕೆ ತಾನೇ ನಡುಗುತ್ತಿತ್ತು.

ಕೆರೆ ಇಳಿಯತೊಡಗಿದ ಮೇಲೆ ಅವನು ಮನೆಗೆ ಬರಲು ಶುರು ಮಾಡಿದ್ದ. ಕತ್ತಲಲ್ಲಲ್ಲ, ಮಟಮಟ ಮಧ್ಯಾಹ್ನ. ರಜೆಯ ದಿನ ಅವಳು ಒಲೆಯ ಮುಂದೆ ಕೂತಿದ್ದರೆ ಬೆನ್ನ ಹಿಂದೆ ಪಾಚಿಯ ವಾಸನೆ ಬರುತ್ತಿತ್ತು. ತಿರುಗಿ ನೋಡಿದರೆ ಹೊಸ್ತಿಲಿನಿಂದ ಒಲೆಯವರೆಗೆ ಸೆಗಣಿ ಸಾರಿಸಿದ ನೆಲದ ಮೇಲೆ ಒದ್ದೆ ಹೆಜ್ಜೆ. ಊರಿನಲ್ಲಿ ಕುಡಿಯುವ ನೀರಿಗೇ ತತ್ವಾರ, ಆ ಕಾಲಿಗೆ ನೀರು ಎಲ್ಲಿಂದ ಬರಬೇಕು? ಅತ್ತೆಯನ್ನು ಕರೆದರೆ ಅಷ್ಟರಲ್ಲಿ ನೆಲ ಒಣಗಿರುತ್ತಿತ್ತು. "ಬಿಸಲ ನೆತ್ತಿಗೇರೈತಿ ನಿನಗ" ಎನ್ನುತ್ತಿದ್ದಳು ರಾಮವ್ವ. ಎಲುಬು ಎತ್ತಿ ಮಣ್ಣು ಮಾಡು ಎಂದು ಕೇಳಲು ಬರುತ್ತಿದ್ದಾನೆ ಎಂದೇ ಶಂಕ್ರೆವ್ವ ತಿಳಿದಳು.

ಮಡುವಿನಲ್ಲಿ ಮೊಣಕಾಲು ಮಟ್ಟದ ಕೆಸರು ಮಾತ್ರ ಉಳಿದಿದ್ದ ದಿನ ರೇಡಿಯೋ ರಾಗ ಬದಲಿಸಿತು. ಬಿಜಾಪುರ, ಗುಲಬರ್ಗಾ ಜಿಲ್ಲೆಗಳ ಕೆಲವೆಡೆ ಒಂದು ದಿನದೊಳಗೆ ಗುಡುಗು ಸಹಿತ ಮಳೆ.

"ಕೇಳಿದ್ರೇನ್ರೆಪಾ!" ಕಾಸಿಂಸಾಬ ರುಮಾಲು ಬಿಚ್ಚಿ ಗಾಳಿಗೆ ಬೀಸಿದ. "ಅಡ್ಡಮಳಿ ಬರೂದೈತಂತ! ಊಟಾ ಮುಗಿಸಿ ಸಾಮಾನೆಲ್ಲಾ ದಂಡಿಗೆ ತರ್ರಿ. ನಾಳಿಗೆ ಮಡುವಿನಾಗ ನೀರು ನಿಂತಿರತೈತಿ."

ಮಂದಿ ಕೇಕೆ ಹಾಕುತ್ತ ಏರಿಯ ಮೇಲಿನ ಬೇವಿನ ನೆರಳಿಗೆ ಹೋದರು. ದೆವ್ವದ ಅಂಜಿಕೆಗೆ ನಡುಹಗಲಿನಲ್ಲಿ ಮಡುವಿಗೆ ಯಾರೂ ಕಾಲಿಡುತ್ತಿರಲಿಲ್ಲ. ಶಂಕ್ರೆವ್ವ ಗುದ್ದಲಿ ತಗೊಂಡು ಒಬ್ಬಳೇ ಇಳಿದಳು. ಕೆಸರು ಬಿಸಿಯಾಗಿತ್ತು. "ಶಂಕ್ರೀ" ಎಂದು ಯಾರೋ ಕರೆದಂತಾಯಿತು. ಅವಳು ಆ ದನಿ ಬಂದ ಕಡೆಗೇ ಅಗೆದಳು, ಕೈ ಬೊಬ್ಬೆ ಏಳುವ ತನಕ ಅಗೆದಳು.

ಗುದ್ದಲಿಗೆ ಮೆತ್ತಗಿನದೇನೋ ತಾಗಿತು. ಕೈಯಿಂದ ಬಗೆದಳು. ಸೋಮನಿಂಗನ ಬಲೆ! ಅಂಚಿನ ಸೀಸದ ಗುಂಡುಗಳನ್ನು ಅವಳೇ ಪೋಣಿಸಿದ್ದಳು. ಬಲೆ ಹರಡಿರಲಿಲ್ಲ, ಗಂಟು ಕಟ್ಟಿತ್ತು. ಗಂಟಿನೊಳಗೆ ಎರಡು ಗುಂಡುಕಲ್ಲು, ಕೊಳೆತು ಕಪ್ಪಾದ ಧೋತರ, ಅಂಗಿ. ಮಡಚಿದ ಮಡಿಕೆ ಇನ್ನೂ ಕಾಣುತ್ತಿತ್ತು. ಅದರ ನಡುವೆ, ರಾಮವ್ವ ಹರಕೆ ಹೊತ್ತು ಮಗನ ಕೈಗೆ ಹಾಕಿಸಿದ್ದ ತಾಮ್ರದ ಕಡಗ. ಎಲುಬಿನ ಚೂರೂ ಇರಲಿಲ್ಲ. ಮುಳುಗಿ ಸಾಯುವವನು ಧೋತರ ಕಳಚಿ, ಮಡಚಿ, ಕಲ್ಲು ಹಾಕಿ ಗಂಟು ಕಟ್ಟುತ್ತಾನೆಯೇ? ಗುರುತಿನದೆಲ್ಲವನ್ನೂ ನೀರಿಗೆ ಬಿಟ್ಟು, ಆಚೆ ದಂಡೆಗೆ ಈಜಿ, ಬೇರೆ ಬಟ್ಟೆ ತೊಟ್ಟು ನಡೆದಿದ್ದಾನೆ.

ಹಾಗಾದರೆ ಮನೆಗೆ ಬರುತ್ತಿದ್ದವರು ಯಾರು ಎಂದು ಅವಳಿಗೆ ಆಗ ಹೊಳೆಯಲೇ ಇಲ್ಲ. ಅಂಥ ಸಿಟ್ಟಿನ ಮುಂದೆ ದೆವ್ವದ ಹೆದರಿಕೆ ನಿಲ್ಲುವುದಿಲ್ಲ. ನಾಲ್ಕು ವರ್ಷ ಊರ ಬಾಯಿಗೆ ತನ್ನನ್ನು ಎಸೆದು ಹೋದವನ ಬಟ್ಟೆಯನ್ನೂ ಕಲ್ಲನ್ನೂ ಬಲೆಯನ್ನೂ ಅವಳು ಗುಂಡಿಗೆ ತುರುಕಿ, ಮಣ್ಣೆಳೆದು, ಮೇಲೆ ನಿಂತು ತುಳಿದಳು. "ಸತ್ತಂಗ ಹೋದಿ. ಸತ್ತವನಾಗೇ ಇರು" ಅಂದಳು. ಕಡಗ ಹಿಡಿದು ಕೂಗುತ್ತ ಏರಿ ಹತ್ತಿದಳು. "ನಮ್ಮನಿಯವ್ರು ಸಿಕ್ಕಾರ! ಸಿಕ್ಕಾರ್ರೆವ್ವಾ!"

ಮಂದಿ ಮುತ್ತಿತು. ಬುಟ್ಟಿ ಹೊರಲು ಬಂದಿದ್ದ ರಾಮವ್ವ ಕಡಗವನ್ನು ಹೊರಳಿಸಿ ಹೊರಳಿಸಿ ನೋಡಿದಳು.

"ಕಡಗೇನೋ ಅಂವಂದ. ಎಲುಬು ಎಲ್ಲಿ?"

"ಕೆಸರಾಗ ಕುಂತಾವ ಅತ್ತಿ. ಮುಟ್ಟಿದ್ರ ಪುಡಿ ಆಗತಾವ."

"ನಾ ಇಳಿದು ನೋಡ್ತೇನಿ."

ಕಾಸಿಂಸಾಬ ಅಡ್ಡ ಬಂದ. "ಬ್ಯಾಡ ಯವ್ವಾ, ಸಿಡ್ಲ ಹೊಡಿಯಾಕತ್ತೈತಿ. ಮಡು ತುಂಬಲಿಲ್ಲಂದ್ರ ನಾಳಿ ಮುಂಜಾನೆ ನಾಕ ಮಂದಿ ಇಳಿದು ತಗದು ಕೊಡ್ತೇವಿ." ಆಮೇಲೆ ಶಂಕ್ರೆವ್ವನ ಕಡೆ ತಿರುಗಿದ. "ಅಳಬ್ಯಾಡ ತಂಗಿ."

ನಾಳೆ ಅಗೆದರೆ ಎಲ್ಲವೂ ಬಯಲು. ಶಂಕ್ರೆವ್ವ ಪಡುವಣದ ಕಡೆ ನೋಡಿದಳು. ನಿನ್ನೆಯ ತನಕ ಬೇಡ ಬೇಡ ಎಂದವಳು ಈಗ ಹಲ್ಲು ಕಚ್ಚಿ, ಬಾ, ಇವತ್ತೇ ಬಾ ಎಂದು ಬೇಡಿದಳು. ಮೊದಲು ಧೂಳೆದ್ದಿತು, ಆಮೇಲೆ ಆಣಿಕಲ್ಲು ಬಿದ್ದವು, ಆಮೇಲೆ ಮುಗಿಲು ಹರಿದು ಬಿತ್ತು. ದೀಪ ಹಚ್ಚುವ ಹೊತ್ತಿಗೆ ಮಡು ತುಂಬಿ ಕೆಂಪಗೆ ತಿರುಗುತ್ತಿತ್ತು.

ಸೋಮನಿಂಗನ ಎಲುಬು ಮಳೆಯನ್ನು ಹಿಡಿದಿಟ್ಟಿತ್ತು, ಹೆಂಡತಿ ಬಿಡಿಸಿದಳು ಎಂದು ಊರು ತೀರ್ಮಾನಿಸಿತು. ನಿನ್ನೆಯ ತನಕ ಆಡಿಕೊಂಡ ಹೆಂಗಸರೇ ಬಂದು ಅವಳ ಕಾಲು ಮುಟ್ಟಿದರು, ಅವರೇ ಕೂಡಿಸಿ ಬಳೆ ಒಡೆದರು. ಬಳೆ ಒಡೆದಾಗ ಅವಳಿಗೆ ನೋವಾಗಲಿಲ್ಲ. ಗಂಡ ಬಿಟ್ಟವಳು ಹೋಗಿ ಗಂಡ ಸತ್ತವಳಾದಳು. ಅಷ್ಟು ಮರ್ಯಾದೆಯನ್ನು ತಾನೇ ದುಡಿದುಕೊಂಡೆ ಎಂದುಕೊಂಡಳು.

ಏರಿಯ ಕೆಳಗೆ ಕಡಗ ಹೂತು ಮಣ್ಣು ಏರಿಸಿದರು. ಮೂರನೆಯ ದಿನ ಅದರ ಮುಂದೆ ಬಾಳೆಲೆ ಹಾಸಿ ಅನ್ನ, ಹಾಲು, ಅವನಿಗೆ ಪ್ರೀತಿಯ ಮೀನು ಎಡೆ ಇಟ್ಟು, ಎಲ್ಲರೂ ದೂರ ಸರಿದು ಕಾಗೆಗಾಗಿ ನಿಂತರು. ರಾಮವ್ವ ಅಂದೂ ಅಳಲಿಲ್ಲ.

"ಮುಟ್ಟೂದಿಲ್ಲ ನೋಡ್ರಿ" ಅಂದಳು. "ಬದುಕಿದಾಂವನ ಎಡಿ ಕಾಗಿ ಮುಟ್ಟೂದಿಲ್ಲ."

ಮುಟ್ಟುವುದಿಲ್ಲವೆಂದು ಶಂಕ್ರೆವ್ವನಿಗೂ ಗೊತ್ತಿತ್ತು. ಅವನು ಸೊಲ್ಲಾಪುರದಲ್ಲೋ ಮತ್ತೆಲ್ಲೋ ಬಿಸಿ ಅನ್ನ ಉಣ್ಣುತ್ತ ಕೂತಿರುವಾಗ ಕಾಗೆ ಯಾಕೆ ಬರಬೇಕು? ಜೀವ ಇನ್ನೂ ಮನೆಯ ಕಡೆ ಎಳೆಯುತ್ತಿದೆ, ಅದಕ್ಕೇ ಬರಲಿಲ್ಲ ಎಂದು ಹೇಳಿ ಅತ್ತುಬಿಟ್ಟರಾಯಿತು ಎಂದು ಮಾತು ಹೊಂದಿಸಿಕೊಂಡಿದ್ದಳು.

ಕಾಗೆ ಬಂತು. ಸುತ್ತಲೂ ನೋಡಲಿಲ್ಲ, ಗಿಡದ ಮೇಲೆ ಕೂತು ಕಾಯಲಿಲ್ಲ. ನೇರ ಇಳಿದು ಮೀನಿಗೆ ಬಾಯಿ ಹಾಕಿತು. ಹಿಂದೆಯೇ ಇನ್ನೊಂದು ಇಳಿದು ಅನ್ನ ಕೆದರಿತು. ಬರಗಾಲದ ಕಾಗೆ, ಹಸಿದಿತ್ತು ಎಂದು ಬೇರೆಯವರು ಅನ್ನಬಹುದು. ಶಂಕ್ರೆವ್ವ ಹಾಗೆ ಅನ್ನಲಾರಳು. ಒಲೆಯವರೆಗೆ ಬರುತ್ತಿದ್ದ ಆ ಒದ್ದೆ ಹೆಜ್ಜೆ ಸತ್ತ ಅವನವೇ ಎಂದು ಅವಳಿಗೆ ಈಗ ಹೊಳೆಯಿತು.

"ಆತ್ಮಾ ತಣ್ಣಗಾತು ಬಿಡವಾ" ಅಂದ ಕಾಸಿಂಸಾಬ.

ಶಂಕ್ರೆವ್ವ ನೆಲಕ್ಕೆ ಬಿದ್ದಳು. ಹೊಂದಿಸಿಟ್ಟ ಮಾತು ಒಂದೂ ಬಾಯಿಗೆ ಬರಲಿಲ್ಲ. "ಎಲ್ಲಿ ಸತ್ತ್ಯೋ ನನ್ನಪ್ಪಾ!" ಎಂದು ಎದೆ ಎದೆ ಬಡಿದುಕೊಂಡಳು. "ಯಾವ ಊರಾಗ ಸತ್ತ್ಯೋ! ಬಾಯಾಗ ನೀರು ಬಿಡಾಕ ಯಾರರ ಇದ್ರೋ ಇಲ್ಲೋ!"

"ಪಾಪ, ದುಃಖದಾಗ ಏನೇನೋ ಮಾತಾಡಾಕತ್ತಾಳ" ಎಂದು ಹೆಂಗಸರು ಅವಳನ್ನು ಹಿಡಿದುಕೊಂಡರು.

ರಾಮವ್ವ ಅವರನ್ನು ಸರಿಸಿ ಸೊಸೆಯ ಪಕ್ಕ ಕೂತಳು. ತುಂಬಿದ ಮಡುವನ್ನು ನೋಡಿದಳು, ಸೊಸೆಯ ಮುಖವನ್ನು ನೋಡಿದಳು.

"ಕೆರ್ಯಾಗ ಇರಲಿಲ್ಲೇನ ಅಂವಾ?" ಎಂದು ಅವಳೊಬ್ಬಳಿಗೇ ಕೇಳುವ ಹಾಗೆ ಕೇಳಿದಳು.

ಶಂಕ್ರೆವ್ವ ಇಲ್ಲವೆಂದು ತಲೆಯಾಡಿಸಿದಳು. ಆಗ ತಾಯಿ ಅಳತೊಡಗಿದಳು.