ಗಾಜಿನ ತೊಟ್ಟಿ

ನೀರಿಗಿಳಿಯುವ ಮುಂಚೆ ಒಂದು ಸಣ್ಣ ಬಟ್ಟಲು ಮೀನಿನ ಉಪ್ಪುರಸ ಕುಡಿಯುವುದು ಬಾಂಗನ ಹಳೆಯ ರೂಢಿ. ಉತ್ತರದ ಊರಿನಲ್ಲಿ, ಚಳಿಗಾಲದ ಕೆರೆಯಲ್ಲಿ ಸೊಂಟಮಟ್ಟ ನಿಂತು, ಪರದೆಯ ಹಿಂದಿನಿಂದ ನೀರಿನ ಮೇಲೆ ಗೊಂಬೆಯಾಡಿಸುವವರಿಗೆ ಅದು ಮೈ ಬೆಚ್ಚಗಿಡುತ್ತಿತ್ತು. ಸೈಗಾನಿನ ಸೆಕೆಯಲ್ಲಿ, ಅದೂ ಊಟ ಬಡಿಸುತ್ತ ನದಿಯಲ್ಲಿ ಸುತ್ತುವ ಹಡಗಿನ ಮೇಲಿಟ್ಟ ತೊಟ್ಟಿಯಲ್ಲಿ, ಅದರ ಅಗತ್ಯ ಎಳ್ಳಷ್ಟೂ ಇರಲಿಲ್ಲ. ಆದರೂ ಕುಡಿಯುತ್ತಿದ್ದ. ಮಿಕ್ಕದ್ದನ್ನೆಲ್ಲ ಬಿಟ್ಟುಕೊಟ್ಟವನಿಗೆ ಇದೊಂದನ್ನಾದರೂ ಬಿಟ್ಟಿಲ್ಲ ಅನ್ನುವ ಸಮಾಧಾನ ಬೇಕಿತ್ತೋ ಏನೋ.

ಆ ಸಂಜೆ ಬಟ್ಟಲು ಬಾಯಿಗಿಟ್ಟುಕೊಂಡೇ ಬಿದಿರಿನ ಪರದೆಯ ಸಂದಿನಿಂದ ಊಟದ ಮೇಜುಗಳ ಕಡೆ ಕಣ್ಣು ಹಾಯಿಸಿದ. ಬಟ್ಟಲನ್ನು ಅಲ್ಲೇ ಕೆಳಗಿಟ್ಟ. ತೊಟ್ಟಿಯ ಎದುರಿಗೇ ಇದ್ದ ಮೊದಲ ಮೇಜಿನಲ್ಲಿ ಅವನ ಹೆಂಡತಿ ಮೂಯಿ ಕೂತಿದ್ದಳು. ಪಕ್ಕದಲ್ಲಿ, ಮದುವೆಗೋ ಹಿರಿಯರ ಪೂಜೆಗೋ ಮಾತ್ರ ಪೆಟ್ಟಿಗೆಯಿಂದ ಹೊರತೆಗೆಯುವ ಕಪ್ಪು ನಿಲುವಂಗಿ ತೊಟ್ಟುಕೊಂಡು ಅವಳ ಅಪ್ಪ ದಾಮಜ್ಜ. ಅಜ್ಜ ಮೇಜಿನ ಮೇಲಿದ್ದ ಊಟದ ಕಡೆ ನೋಡುತ್ತಲೇ ಇರಲಿಲ್ಲ. ತೊಟ್ಟಿಯ ಮುಂಭಾಗಕ್ಕೆ ಇಳಿಬಿಟ್ಟಿದ್ದ ಕೆಂಪು ಬಟ್ಟೆಯನ್ನು ನೋಡುತ್ತಿದ್ದ. ಇದ್ಯಾಕೆ ಇಲ್ಲಿ ಅನ್ನುವ ಹಾಗೆ.

ದಾಮಜ್ಜ ಬರೀ ಮಾವನಾಗಿದ್ದರೆ ಬಾಂಗ್ ಇಷ್ಟು ಬೆವರುತ್ತಿರಲಿಲ್ಲ. ಅವನು ಗುರು. ಊರಿನ ಗೊಂಬೆಯಾಟದ ಕೂಟಕ್ಕೆ ಹಿರಿಯ. ಆ ಕೂಟಕ್ಕೆ ಸೇರುವವನು ಈ ವಿದ್ಯೆಯ ಮೂಲಪುರುಷನ ಗುಡಿಯ ಮುಂದೆ ಮಂಡಿಯೂರಿ, ಕೋಳಿಯ ರಕ್ತ ಬೆರೆಸಿದ ಅಕ್ಕಿ ಸಾರಾಯಿ ಕುಡಿದು ಆಣೆ ಮಾಡಬೇಕು. ಗೊಂಬೆ ನೀರಿನ ಮೇಲೆ ಹೇಗೆ ಓಡುತ್ತದೆ, ಹೇಗೆ ತಿರುಗುತ್ತದೆ, ಹೇಗೆ ಕತ್ತು ಕೊಂಕಿಸುತ್ತದೆ ಅನ್ನುವುದನ್ನು ಹೊರಗಿನವರ್ಯಾರಿಗೂ ಹೇಳುವುದಿಲ್ಲ, ಹೆಂಡತಿಗೂ ಹೇಳುವುದಿಲ್ಲ, ಮಗಳಿಗಂತೂ ಮೊದಲೇ ಇಲ್ಲ. ಮಗಳು ಮದುವೆಯಾಗಿ ಬೇರೆ ಊರಿಗೆ ಹೋಗುವವಳು, ಅವಳ ಜೊತೆ ಗುಟ್ಟೂ ಹೋಗಿಬಿಡುತ್ತದೆ ಅನ್ನುವುದು ಲೆಕ್ಕ. ಕೆರೆಯ ನೀರು ಹಸಿರುಗಟ್ಟಿ ರಾಡಿಯಾಗಿದ್ದಷ್ಟೂ ಆಟಗಾರರಿಗೆ ಖುಷಿ. ನೀರು ತಿಳಿಯಾಗಿದ್ದರೆ ಆಟಕ್ಕೆ ಮುಂಚೆ ಕಾಲಿನಿಂದ ಕೆಸರು ಕಲಕುತ್ತಿದ್ದರು.

ಮೂಯಿ ಬೆಳೆದದ್ದು ಆ ಮನೆಯಲ್ಲಿ. ಗೊಂಬೆ ಕೆತ್ತಿದ ಅಂಜೂರದ ಮರದ ಚಕ್ಕೆ ಗುಡಿಸುವುದು ಅವಳು, ಅರಗಿನ ಬಣ್ಣ ಒಣಗಿಸುವುದು ಅವಳು, ನೆನೆದು ಬಂದವರಿಗೆ ಶುಂಠಿ ನೀರು ಕಾಯಿಸುವುದು ಅವಳು. ಕೋಲು ದಾರ ಕೈಗೆತ್ತಿಕೊಳ್ಳುವ ಹೊತ್ತಿಗೆ ಮಾತ್ರ ಅವಳನ್ನು ಅಂಗಳಕ್ಕೆ ಕಳಿಸಿ ಬಾಗಿಲು ಹಾಕುತ್ತಿದ್ದರು. ಒಮ್ಮೆ ಗೋಡೆಯ ಬಿರುಕಿನಲ್ಲಿ ಇಣುಕಿ ಸಿಕ್ಕಿಬಿದ್ದಳು. ಆ ವರ್ಷದ ಹಬ್ಬಕ್ಕೆ ಅವಳನ್ನು ಸೋದರತ್ತೆಯ ಮನೆಗೆ ಅಟ್ಟಿದರು. ದಾಮಜ್ಜನಿಗೆ ಗಂಡುಮಕ್ಕಳಿರಲಿಲ್ಲ. ಶಿಷ್ಯರಲ್ಲಿ ಬಾಂಗನನ್ನು ಆರಿಸಿಕೊಂಡ, ವಿದ್ಯೆಯನ್ನೂ ಕೊಟ್ಟ, ಮಗಳನ್ನೂ ಕೊಟ್ಟ. ಮದುವೆಯಾದ ಹೊಸದರಲ್ಲಿ ಮೂಯಿ ಒಂದೇ ಒಂದು ಸಲ ಗಂಡನ ಕಿವಿಯ ಹತ್ತಿರ ಬಂದು, ಆ ಹಕ್ಕಿ ಗೊಂಬೆ ಹೇಗೆ ಕತ್ತು ತಿರುಗಿಸುತ್ತೆ, ಹೇಳಿ ಅಂತ ಕೇಳಿದ್ದಳು. ಆಣೆ ಇದೆ ಮಾರಾಯ್ತಿ ಅಂದಿದ್ದ ಬಾಂಗ್, ಬಹಳ ಗಂಭೀರವಾಗಿ. ಅವಳು ಮತ್ತೆ ಕೇಳಲಿಲ್ಲ. ಗಂಡನ ನೀರು ತಿಂದ ಕಾಲಿಗೆ ವೀಳ್ಯದೆಲೆ ಅರೆದು ಹಚ್ಚುತ್ತ ಸಂಸಾರ ಮಾಡಿದಳು. ನಮ್ಮಪ್ಪ ನನಗೂ ಹೇಳ್ಲಿಲ್ಲ ಗೊತ್ತಾ ಅಂತ ಗಂಡನ ಕೆಲಸಕ್ಕೆ ಸೈಗಾನಿಗೆ ಬಂದ ಮೇಲೂ ನೆರೆಯವರ ಹತ್ತಿರ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದಳು.

ಈ ಹಡಗಿನ ತೊಟ್ಟಿಯ ಮುಂಭಾಗ ಗಾಜಿನದು. ಬಾಂಗ್ ಅದನ್ನು ಮನೆಯಲ್ಲಿ ಹೇಳಿರಲಿಲ್ಲ.

ಗಾಜು ಹಾಕಿಸಿದ್ದು ಹಡಗಿನ ಉಸ್ತುವಾರಿ ನೋಡುವ ಯೆನ್. ಚುರುಕು ಹೆಂಗಸು, ಕೆಟ್ಟವಳಲ್ಲ. ಊಟಕ್ಕೆ ಬಂದವರು ಗೊಂಬೆ ನೋಡಿ ಸ್ವಲ್ಪ ಹೊತ್ತಿಗೇ ಮೊಬೈಲು ಹಿಡಿಯುತ್ತಾರೆ, ಕೆಳಗೆ ಏನು ನಡೆಯುತ್ತದೆ ಅಂತ ತೋರಿಸಿದರೆ ಕಣ್ಣು ಕೀಳುವುದಿಲ್ಲ ಅಂದಳು. ಬಾಂಗ್ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಸಂಬಳದ ಮುಲಾಜು ಅಂತ ಮೊದಮೊದಲು ತನಗೆ ತಾನೇ ಹೇಳಿಕೊಂಡ. ನಿಜ ಅದಲ್ಲ. ಇಷ್ಟು ವರ್ಷ ಜನ ಗೊಂಬೆಗೆ ಚಪ್ಪಾಳೆ ತಟ್ಟಿದ್ದರೇ ಹೊರತು ಅವನ ಕೈಯನ್ನು ಯಾರೂ ಕಂಡಿರಲಿಲ್ಲ. ಗಾಜು ಬಂದ ಮೊದಲ ಸಂಜೆ ಯಾರೋ ವಿದೇಶಿ ಮುದುಕಿ ಗಾಜಿಗೆ ಮೂಗು ಒತ್ತಿ ಅವನ ಬೆರಳುಗಳನ್ನೇ ನೋಡುತ್ತ ಕೂತಳು. ಅವನಿಗೆ ಹಿತವಾಯಿತು. ಮಾರನೆಯ ದಿನದಿಂದ ಗಾಜಿನ ಕಡೆ ಇನ್ನಷ್ಟು ಸರಿದು ನಿಂತ. ಕಾಲಿಗೆ ನೀರು ತಾಗದ ಹಾಗೆ ತೊಡುವ ರಬ್ಬರಿನ ಉದ್ದ ಚಡ್ಡಿ ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲ ಅಂತ ಯೆನ್ ಅಂದಾಗ ಅದನ್ನೂ ಕಳಚಿದ.

ಮಾವ ಕಣ್ಣಿನ ಪೊರೆ ತೆಗೆಸಲು ಸೈಗಾನಿಗೆ ಬಂದಾಗ, ನಿನ್ನ ಆಟ ನೋಡಬೇಕು ಅಂತ ದಿನಾ ಪೀಡಿಸಿದ. ಇವತ್ತು ಜಾಗ ಇಲ್ಲ, ನಾಳೆ ಯಾರೋ ಇಡೀ ಹಡಗು ಗೊತ್ತು ಮಾಡಿದ್ದಾರೆ ಅಂತ ಬಾಂಗ್ ಬುರುಡೆ ಬಿಟ್ಟುಕೊಂಡೇ ಬಂದ. ಪೊರೆ ಹೋಗಿ ಅಜ್ಜನ ಕಣ್ಣು ಕನ್ನಡಿಯ ಹಾಗಾಯಿತು. ನಾಡಿದ್ದು ಊರಿಗೆ ಹೊರಡುವವನಿದ್ದ. ಇನ್ನೇನು ಗೆದ್ದೆ ಅಂದುಕೊಂಡಿದ್ದ ಬಾಂಗ್. ಮೂಯಿ ಸುಮ್ಮನಿರುತ್ತಾಳೆಯೇ? ನೇರ ಯೆನ್‌ಗೇ ಫೋನ್ ಮಾಡಿದ್ದಾಳೆ.

ಬಾಂಗ್ ಒದ್ದೆ ಮೆಟ್ಟಿಲು ಹತ್ತಿ ಯೆನ್‌ಳನ್ನು ಹುಡುಕಿಕೊಂಡು ಹೋದ. ಇವತ್ತೊಂದು ದಿನ ಆ ಕೆಂಪು ಬಟ್ಟೆ ಎತ್ತಿಸಬೇಡ ತಂಗಿ ಅಂತ ಬೇಡಿಕೊಂಡ. ಯಾಕೆ ಅಂತ ಹೇಳಲು ಬಾಯಿ ಬರಲಿಲ್ಲ.

ಯೆನ್ ನಕ್ಕಳು. "ಏನ್ ಬಾಂಗಣ್ಣ, ಮನೆಯವರು ಬಂದಿದಾರೆ ಅಂತ ನಾಚಿಕೆನಾ? ಚೆನ್ನಾಗಿ ಕಾಣ್ಲಿ ಅಂತಾನೇ ಮುಂದಿನ ಮೇಜು ಕೊಟ್ಟಿದೀನಿ. ಹೋಗಿ ಹೋಗಿ, ಹಡಗು ಬಿಟ್ಟಾಯ್ತು."

ಹಡಗು ಬಿಟ್ಟಿತ್ತು. ದಡದ ದೀಪಗಳು ಹಿಂದೆ ಸರಿಯುತ್ತಿದ್ದವು. ಹೊಟ್ಟೆನೋವು ಅಂತ ಮಲಗಿಬಿಡಬಹುದಿತ್ತು, ಮೇಜಿನ ಹತ್ತಿರ ಹೋಗಿ ನಿಜ ಹೇಳಿಬಿಡಬಹುದಿತ್ತು. ಎರಡಕ್ಕೂ ಧೈರ್ಯ ಸಾಲದೆ ಬಾಂಗ್ ಹೋಗಿ ನೀರಿನಲ್ಲಿ ನಿಂತ.

ಮೊದಲು ಬಂದದ್ದು ತೇವು ಅನ್ನುವ ಗೊಂಬೆ. ಹೊಟ್ಟೆ ಬಿಟ್ಟುಕೊಂಡು, ಹಲ್ಲು ಕಿರಿದುಕೊಂಡು, ಸಭೆಗೆಲ್ಲ ಕೈಮುಗಿಯುವ ವಿದೂಷಕ. ಅವನನ್ನು ಕಂಡು ದಾಮಜ್ಜನ ಮುಖ ಅರಳಿತು. ಮಗಳ ಕಡೆ ಬಾಗಿ ಏನೋ ಹೇಳಿ ತೊಡೆ ತಟ್ಟಿಕೊಂಡ. ತನ್ನ ಶಿಷ್ಯನ ಕೈ ಅಂತ ಹೇಳಿರಬೇಕು. ಪರದೆಯ ಹಿಂದೆ ಬಾಂಗ್, ಹಾಗೇ ಮುಗಿದುಬಿಡಲಿ ಅಂತ ಮೂಲಪುರುಷನಿಗೆ ಹರಸಿಕೊಳ್ಳಹೊರಟವನು ಯಾವ ಬಾಯಲ್ಲಿ ಹರಸಿಕೊಳ್ಳಲಿ ಅಂತ ಅಲ್ಲಿಗೇ ಬಿಟ್ಟ.

ಡೋಲು ಜೋರಾಯಿತು. ಕೆಂಪು ಬಟ್ಟೆ ಮೇಲೆದ್ದಿತು. ನೀರಿನೊಳಗೆ ದೀಪ ಹತ್ತಿದವು.

ಎಲ್ಲವೂ ಕಂಡಿತು. ಗೊಂಬೆಯ ಕೆಳಗಿನ ತೇಲುವ ಹಲಗೆ, ಅದರ ಬಾಲದ ಚುಕ್ಕಾಣಿ, ಉದ್ದನೆಯ ಬಿದಿರು, ಬಿದಿರಿನ ಗುಂಟ ಓಡುವ ದಾರಗಳು, ದಾರ ಎಳೆಯುವ ಬೆರಳುಗಳು, ಬೆಳ್ಳಗೆ ಸುಕ್ಕುಗಟ್ಟಿದ ಬರಿಗಾಲುಗಳು. ಸಿಗಡಿ ಜಗಿಯುತ್ತಿದ್ದವರು ಓ ಎಂದು ಕುರ್ಚಿ ಮುಂದೆಳೆದುಕೊಂಡರು.

ದಾಮಜ್ಜ ಮೊದಲು ಅರ್ಥವಾಗದವನಂತೆ ನೋಡಿದ. ಹೊಸ ಕಣ್ಣನ್ನು ಒಮ್ಮೆ ಉಜ್ಜಿಕೊಂಡ. ಆಮೇಲೆ ಎದ್ದು, ನಿಲುವಂಗಿ ಸರಿಮಾಡಿಕೊಂಡು, ನೆಟ್ಟಗೆ ತೊಟ್ಟಿಯ ಹತ್ತಿರ ಬಂದು, ಗಾಜಿಗೆ ಬೆನ್ನು ಕೊಟ್ಟು ಎರಡೂ ತೋಳು ಚಾಚಿ ನಿಂತುಬಿಟ್ಟ. ಸ್ನಾನ ಮಾಡುವವರಿಗೆ ಮರೆ ನಿಲ್ಲುತ್ತಾರಲ್ಲ, ಹಾಗೆ.

ಜನ ಇದೂ ಆಟದ ಭಾಗವೇನೋ ಅಂತ ನಕ್ಕರು, ಫೋಟೊ ತೆಗೆದರು. ಬಡಕಲು ಮುದುಕ, ಎಷ್ಟನ್ನು ಮರೆ ಮಾಡಿಯಾನು? ಅವನ ಕಂಕುಳ ಕೆಳಗಿಂದ, ಕಾಲ ಸಂದಿನಿಂದ ಎಲ್ಲ ಕಾಣುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ, ಕೂರಪ್ಪಾ, ಅಡ್ಡ ನಿಂತಿದೀಯ ಅಂತ ಹಿಂದಿನಿಂದ ಯಾರೋ ಗೊಣಗಿದರು. ಯೆನ್ ಓಡಿ ಬಂದಳು. ಪರದೆಯ ಒಳಗೆ ಬಾಂಗ್ ತನ್ನ ಗುರುವಿನ ಬೋಳು ನೆತ್ತಿಯನ್ನು ನೋಡುತ್ತ ನಿಂತಿದ್ದ. ಇಳಿದು ಹೋಗಿ ಆ ತೋಳು ಹಿಡಿದು ಕೂರಿಸಬೇಕಿತ್ತು. ಕೋಲು ಕೈಯಲ್ಲಿತ್ತು, ಆಡಿಸುತ್ತಲೇ ಇದ್ದ. ಅಭ್ಯಾಸ.

ಮೂಯಿ ಎದ್ದು ಬಂದಳು. ಅಪ್ಪನನ್ನು ಸಮಾಧಾನ ಮಾಡಿ ಕರೆದೊಯ್ಯುತ್ತಾಳೆ ಅಂತ ಎಲ್ಲರೂ ಅಂದುಕೊಂಡರು.

"ಪಕ್ಕಕ್ಕೆ ಬಾ ಅಪ್ಪ," ಅಂದಳು. "ನಾನೂ ನೋಡ್ಬೇಕು."

ದಾಮಜ್ಜ ಅವಳ ಮುಖ ನೋಡಿದ. ಬೇಡ ಅನ್ನಲು ಬಾಯಿ ತೆರೆದ, ತುಂಬಿದ ಸಭೆಯ ಕಡೆ ನೋಡಿದ, ಬಾಯಿ ಮುಚ್ಚಿದ. ಊರವರೆಲ್ಲ ನೋಡುತ್ತಿರುವುದನ್ನು ಮಗಳಿಗೆ ಯಾವ ನ್ಯಾಯದಲ್ಲಿ ಬೇಡ ಅನ್ನುವುದು? ತೋಳು ಇಳಿಸಿ ಪಕ್ಕಕ್ಕೆ ಸರಿದ. ಮೂಯಿ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡತೊಡಗಿದಳು.

ಆ ಸಂಜೆಯಷ್ಟು ಕೆಟ್ಟದಾಗಿ ಬಾಂಗ್ ಎಂದೂ ಆಡಿಸಿರಲಿಲ್ಲ. ಬಾತುಕೋಳಿಯೊಂದು ಮುಗ್ಗರಿಸಿ ಮುಳುಗಿತು. ಹಕ್ಕಿಗಳ ಕುಣಿತದಲ್ಲಿ ಕತ್ತು ಕೊಂಕಿಸುವ ದಾರವನ್ನು ತಾಳ ತಪ್ಪಿ ಎಳೆದ. ಹೆಂಡತಿಗೆ ಕಿವಿಯಲ್ಲಿ ಹೇಳದೆ ಹೋದದ್ದು ಅದೇ ದಾರ. ಅವಳು ಕೇಳಿದ ರಾತ್ರಿ ತಾನು ಎಷ್ಟು ದೊಡ್ಡ ಮನುಷ್ಯನ ಹಾಗೆ ಮುಖ ಬಿಗಿದುಕೊಂಡಿದ್ದೆ ಅನ್ನುವುದು ನೆನಪಾಗಿ, ನೀರಿನಲ್ಲಿ ನಿಂತವನಿಗೆ ಮೈಯೆಲ್ಲ ಉರಿಯಿತು. ಆಣೆಯಂತೆ, ಆಣೆ. ದಿನಾ ಸಂಜೆ ಊಟಕ್ಕೆ ಬಂದವರಿಗೆಲ್ಲ ಬಡಿಸಿದ್ದನ್ನು ಮನೆಯವಳಿಗೆ ಮುಚ್ಚಿಟ್ಟಿದ್ದ.

ಕೊನೆಯಲ್ಲಿ ಪರದೆ ಎತ್ತಿ ಆಟಗಾರರೆಲ್ಲ ನೀರಿನಲ್ಲೇ ಮುಂದೆ ನಡೆದುಬಂದು ತಲೆಬಾಗುವುದು ಪದ್ಧತಿ. ಬಾಂಗ್ ಹಿಂದೆಯೇ ಉಳಿದಿದ್ದ, ಜೊತೆಯವರು ಕೈಹಿಡಿದು ಎಳೆದರು. ಬಾಗಿದ ತಲೆ ಎತ್ತಲಿಲ್ಲ. ಚಪ್ಪಾಳೆ ಎಂದಿನಷ್ಟೇ ಬಿತ್ತು. ಯಾರಿಗೆ ಏನು ತಿಳಿದೀತು?

ಹಡಗಿನಿಂದ ಓಡಿಹೋಗುವುದೆಲ್ಲಿಗೆ? ಮನೆಯವರ ಜೊತೆ ಊಟ ಮಾಡಿ ಅಂತ ಯೆನ್ ಅವನನ್ನು ಬಟ್ಟೆ ಬದಲಿಸಿ ಆ ಮೇಜಿಗೇ ತಂದು ಕೂರಿಸಿದಳು. ಕಮಲದ ದಂಟಿನ ಕೋಸಂಬರಿ, ಸುಟ್ಟ ಸಿಗಡಿ, ದೊಡ್ಡ ಬಟ್ಟಲಿನಲ್ಲಿ ಸಾರು. ಯಾರೂ ಮುಟ್ಟಿರಲಿಲ್ಲ. ಬಾಂಗ್ ತಪ್ಪಾಯ್ತು ಮಾವ ಅಂದ, ತನಗೇ ಕೇಳಿಸದಷ್ಟು ಮೆಲ್ಲಗೆ.

ದಾಮಜ್ಜ ಕೆಂಡವಾದ. ರಕ್ತ ಕುಡಿದು ಆಣೆ ಮಾಡಿದವನು ನೀನು ಅಂತ ಶುರುಮಾಡಿದ. ಮೂಯಿ ಅಪ್ಪನ ಕೈಮೇಲೆ ಕೈಯಿಟ್ಟು ತಡೆದಳು.

"ಬಯ್ಯೋದು ಆಮೇಲೆ. ಮೊದ್ಲು ನಂಗೊಂದು ಹೇಳಿ, ಇಬ್ರೂ," ಅಂದಳು. "ಇಷ್ಟೇನಾ?"

ಗಂಡಸರಿಬ್ಬರಿಗೂ ಅರ್ಥವಾಗಲಿಲ್ಲ.

"ಒಂದು ಕೋಲು, ಅದರ ತುದೀಲಿ ಹಲಗೆ, ನಾಲ್ಕು ದಾರ. ಇಷ್ಟೇನಾ, ಇಲ್ಲ ಇನ್ನೂ ಏನಾದ್ರೂ ಇದೆಯಾ?"

ದಾಮಜ್ಜ "ಅಷ್ಟೇ," ಅಂದ. "ಮಿಕ್ಕದ್ದು ಕೈ."

"ಮಗಳು ಬೇರೆ ಊರಿಗೆ ಹೋಗ್ತಾಳೆ ಅಂತಿದ್ದೆ. ನಾನೆಲ್ಲಿಗೆ ಹೋದೆ ಅಪ್ಪ? ನಿನ್ನ ಶಿಷ್ಯನ ಮನೇಗೇ ಬಂದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಬಾಂಗ್ ತಡೆದುಕೊಳ್ಳುತ್ತಿದ್ದ. ಅವಳು ಸಾರಿನ ಬಟ್ಟಲು ಹತ್ತಿರ ಎಳೆದುಕೊಂಡಳು. ಅಲಂಕಾರಕ್ಕೆ ಕೊರೆದಿಟ್ಟ ಗಜ್ಜರಿಯ ಹೂವೊಂದನ್ನು ಊಟದ ಕಡ್ಡಿಯ ತುದಿಗೆ ಚುಚ್ಚಿ, ಕಡ್ಡಿಯನ್ನು ಸಾರಿನೊಳಗೆ ಮಲಗಿಸಿ, ಮಣಿಕಟ್ಟನ್ನು ಇಷ್ಟೇ ಇಷ್ಟು ತಿರುವಿದಳು. ಹೂವು ಬಟ್ಟಲಿನ ಅಂಚಿನ ಗುಂಟ ಜಾರಿಕೊಂಡು ಹೋಗಿ, ನಿಂತು, ಹಿಂದೆ ಬರುವವರನ್ನು ನೋಡುವ ಹಾಗೆ ಓರೆಯಾಗಿ ತಿರುಗಿತು.

ಆ ತಿರುವು ಕಲಿಯಲು ಬಾಂಗನಿಗೆ ವರ್ಷಗಳು ಹಿಡಿದಿದ್ದವು. ದಾಮಜ್ಜ ಬಿದಿರಿನ ಕಡ್ಡಿಯಿಂದ ಅವನ ಗೆಣ್ಣಿಗೆ ಹೊಡೆದು ಹೊಡೆದು ಕಲಿಸಿದ್ದ. ಇಷ್ಟಾದರೂ ಅದು ಅವನಿಗೆ ಗುರುವಿನಷ್ಟು ನಯವಾಗಿ ಬಂದಿರಲಿಲ್ಲ. ಈಗ ಸಾರಿನ ಬಟ್ಟಲಿನ ಮೇಲೆ ಅವನು ಕಂಡದ್ದು ಗುರುವಿನದೇ ಮಣಿಕಟ್ಟು. ಮೂಯಿ ಸರಿಯಾಗಿ ಒಂದೇ ಸಲ ನೋಡಿದ್ದಳು, ಅದೂ ಗಾಜಿನ ಹೊರಗೆ ಕೂತು. ಇಷ್ಟು ಕಾಲ ಬಾಂಗ್ ಆ ಕೈಯಿಂದ ತನ್ನ ಕಾಲಿಗೆ ಎಲೆ ಅರೆಸಿಕೊಂಡಿದ್ದ.

ಮೂಯಿ ಕಡ್ಡಿಯನ್ನು ಎತ್ತಿ ಒರೆಸಿ ಕೆಳಗಿಟ್ಟಳು. "ಸಾರು ಆರ್ತಿದೆ. ಊಟ ಮಾಡು ಅಪ್ಪ," ಅಂದಳು. ಆಮೇಲೆ ಗಂಡನಿಗೂ, "ಊಟ ಮಾಡಿ ರೀ," ಅಂದಳು, ದಿನಾ ಮನೆಯಲ್ಲಿ ಹಿರಿಯರಿಂದ ಶುರುಮಾಡಿ ಒಬ್ಬೊಬ್ಬರನ್ನೇ ಊಟಕ್ಕೆ ಕರೆಯುವ ಹಾಗೆಯೇ.

ಬಾಂಗ್ ತಲೆ ತಗ್ಗಿಸಿದ. ದಾಮಜ್ಜ ಆಗಲೇ ತಗ್ಗಿಸಿದ್ದ.